ಹ್ಯಾಮ್‌ಗಳ ಕಥೆ ಶಬ್ದದ ಪಾಠದಲ್ಲಿ ಬರಲಿ

ಬೋಧನಾಭ್ಯಾಸಕ್ಕೆ ಹೋದ ನಾವೆಲ್ಲ ಒಂಬತ್ತನೇ ತರಗತಿಗೆ ಶಬ್ದದ ಪಾಠ ಮಾಡುವಾಗ ತರಂಗದೂರದ ಲೆಕ್ಕ ಮಾಡಿಸುತ್ತೇವೆ. ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ಮುಗಿಯಿತು. ಮಕ್ಕಳು ಬರೆದುಕೊಳ್ಳುತ್ತಾರೆ, ನಮ್ಮ ಪಾಠ ಯೋಜನೆಯ ಕಾಲಂ ತುಂಬುತ್ತದೆ. ಅದೇ ಲೆಕ್ಕಕ್ಕೆ ಹವ್ಯಾಸಿ ರೇಡಿಯೋದವರ, ಅಂದರೆ ಹ್ಯಾಮ್‌ಗಳ ಕಥೆ ಸೇರಿಸಬೇಕು ಎಂಬುದು ನನ್ನ ವಾದ.

1912ರಲ್ಲಿ ಅಮೆರಿಕ ಸರ್ಕಾರ ಕಾನೂನು ಮಾಡಿ, 200 ಮೀಟರಿಗಿಂತ ಉದ್ದದ ತರಂಗಗಳನ್ನು ಹವ್ಯಾಸಿಗಳು ಬಳಸಕೂಡದು ಎಂದಿತು. ದೂರ ಹೋಗುವುದು ಉದ್ದ ತರಂಗವೇ, ಗಿಡ್ಡ ತರಂಗ ಯಾತಕ್ಕೂ ಬಾರದು ಎಂದು ಆಗಿನ ನಂಬಿಕೆ. ಪಾಲು ಹಂಚುವಾಗ ಎರೆ ಹೊಲ ತಾನಿಟ್ಟುಕೊಂಡು ತಮ್ಮನಿಗೆ ಮಡ್ಡಿ ಕೊಟ್ಟ ಹಾಗೆ! 1923ರ ನವೆಂಬರಿನಲ್ಲಿ ಆ ಮಡ್ಡಿಯಲ್ಲೇ ಬೆಳೆ ಬಂತು. ಸುಮಾರು 100 ಮೀಟರಿನ ತರಂಗದಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ಹವ್ಯಾಸಿಗಳು ಅಟ್ಲಾಂಟಿಕ್ ಸಾಗರದ ಎರಡೂ ದಡಗಳಿಂದ ಪರಸ್ಪರ ಸಂದೇಶ ಕಳಿಸಿದರು. ಮೇಲಿನ ಅಯಾನುಗೋಳ ಗಿಡ್ಡ ತರಂಗಗಳನ್ನು ಮರಳಿ ನೆಲಕ್ಕೆ ಕಳಿಸುತ್ತದೆ.

ಲೆಕ್ಕಕ್ಕೆ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಕೊಡೋಣ. ಉತ್ತರ ಸುಮಾರು 392 ಮೀಟರ್, ಆ ಹಳೆಯ ಗಡಿಯ ಹತ್ತಿರಹತ್ತಿರ ದುಪ್ಪಟ್ಟು. ಇಲ್ಲಿ ಕೆಲವರು ಶಬ್ದದ ವೇಗ ಹಾಕಿಯೇ ಹಾಕುತ್ತಾರೆ. ಹಾಕಲಿ. ರೇಡಿಯೋ ತರಂಗ ಶಬ್ದವಲ್ಲ, ಅದು ಬೆಳಕಿನ ವೇಗದಲ್ಲಿ ಹೋಗುತ್ತದೆ ಎಂದು ತಿಳಿಸಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ.

ನಮ್ಮ ದೇಶದ ಕಥೆಯೂ ಕಡಿಮೆಯದಲ್ಲ. 1921ರಲ್ಲೇ ಕಲ್ಕತ್ತಾದ ಅಮರೇಂದ್ರಚಂದ್ರ ಗುಪ್ತು ಹವ್ಯಾಸಿ ಕೇಂದ್ರ ನಡೆಸಿದರು. 1933ರ ವೈರ್‌ಲೆಸ್ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಯಂತ್ರ ಇಟ್ಟುಕೊಳ್ಳುವುದೇ ಅಪರಾಧ. ಬರೀ ಕೇಳುವ ರೇಡಿಯೋಕ್ಕೂ ನಮ್ಮ ಅಜ್ಜಂದಿರು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪುಸ್ತಕ ಇಟ್ಟುಕೊಂಡಿದ್ದರು. ಯಾರ ಮನೆಯ ಟ್ರಂಕಿನಲ್ಲಾದರೂ ಅದು ಸಿಕ್ಕರೆ ನಮ್ಮ ಥರ್ಮಾಕೋಲ್ ಮಾದರಿಗಳಿಗಿಂತ ಒಳ್ಳೆಯ ಪಾಠೋಪಕರಣ. 1939ರಲ್ಲಿ ಯುದ್ಧ ಶುರುವಾದಾಗ ಹವ್ಯಾಸಿಗಳ ಲೈಸೆನ್ಸ್ ರದ್ದಾಗಿ, ಯಂತ್ರಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕಾಯಿತು. ಇತ್ತ ಮೈಸೂರು ಸಂಸ್ಥಾನದಲ್ಲಿ 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಆ ಕೇಂದ್ರದ ಹೆಸರೇ ‘ಆಕಾಶವಾಣಿ’.

ಸಿಲಬಸ್ ಮುಗಿಯುವುದಿಲ್ಲ ಎನ್ನುವವರಿದ್ದಾರೆ. ಇದಕ್ಕೆ ಬೇಕಾದದ್ದು ಹತ್ತು ನಿಮಿಷ. ಯಂತ್ರಕ್ಕೆ ದುಡ್ಡು ಬೇಕು, ನಿಜ. ಪರೀಕ್ಷೆಗೆ ಬೇಡವಲ್ಲ ಅಷ್ಟು ದುಡ್ಡು. ಈಗ 12 ವರ್ಷ ತುಂಬಿದವರು ಹವ್ಯಾಸಿ ರೇಡಿಯೋ ಪರೀಕ್ಷೆಗೆ ಕೂರಬಹುದು, ಕೆಳ ದರ್ಜೆಯ ಲೈಸೆನ್ಸಿಗೆ ಮೋರ್ಸ್ ಸಂಕೇತವೂ ಬೇಕಿಲ್ಲ. ನಮ್ಮ ಮುಂದೆ ಕೂತ ಒಂಬತ್ತನೇ ತರಗತಿಯ ಮಕ್ಕಳು ಆ ವಯಸ್ಸನ್ನು ಆಗಲೇ ದಾಟಿದ್ದಾರೆ. ನವಲಗುಂದ, ಕುಂದಗೋಳದ ಶಾಲೆಗಳಿಗೆ ಹೋಗುವ ಮುಂದಿನ ತಂಡ ಇದಕ್ಕೊಂದು ಸಾಲನ್ನು ಪಾಠ ಯೋಜನೆಯಲ್ಲಿ ಇಡಲಿ.