ಕಲ್ಲಿಗೆ ಬಡಿದ ತಲೆ

ನಮ್ಮ ಕವಿಗಳಿಗೆ ಸಾವೆಂದರೆ ಒಂದೋ ಗೋಳು, ಇಲ್ಲವೇ ವೇದಾಂತ ಎಂಬ ತೀರ್ಮಾನವನ್ನು ನಾನು ಒಪ್ಪಲಾರೆ. ಪುಸ್ತಕದ ಕಪಾಟನ್ನಷ್ಟೇ ತಡಕಿದವರ ಮಾತಿದು. ಪುತ್ತೂರಿನ ಪಡುಮಲೆಯಲ್ಲಿ ಹುಟ್ಟಿ, ಪಂಜವನ್ನು ಹಾದು, ಎಣ್ಮೂರಿನಲ್ಲಿ ಮುಗಿಯುವ ಅವಳಿ ವೀರರಾದ ಕೋಟಿ ಚೆನ್ನಯರ ಪಾಡ್ದನವನ್ನೇ, ಅಂದರೆ ತುಳುವಿನ ಮೌಖಿಕ ಕಥನಗೀತೆಯನ್ನೇ ನೋಡಿ. ಯುದ್ಧದಲ್ಲಿ ಬಾಣ ತಗಲಿ ಕೋಟಿ ಬೀಳುತ್ತಾನೆ. ಅದನ್ನು ಕಂಡ ಚೆನ್ನಯ ಕಲ್ಲಿಗೆ ತಲೆ ಬಡಿದುಕೊಂಡು ಪ್ರಾಣ ಬಿಡುತ್ತಾನೆ. ಅವಳಿಗಳಾಗಿ ಹುಟ್ಟಿದವರು ಒಟ್ಟಿಗೇ ಹೋಗಬೇಕೆಂಬ ಹಟ ಅದು. ಆತ್ಮ ಅಮರ ಎಂಬ ಸಮಾಧಾನಕ್ಕೆ ಆ ಗಳಿಗೆಯಲ್ಲಿ ಜಾಗವಿಲ್ಲ. ಇರುವುದು ಒಂದು ಕಲ್ಲು, ಒಂದು ತಲೆ.

ಇದು ದೈವಾರಾಧನೆ, ಕಾವ್ಯವಲ್ಲ ಎನ್ನುವವರಿದ್ದಾರೆ. ಅವರಿಬ್ಬರಿಗೆ ಗರಡಿಗಳೆಂಬ ಗುಡಿಗಳಲ್ಲಿ ನೇಮವೆಂಬ ಆರಾಧನೆ ನಡೆಯುವುದು ನಿಜ. ಆದರೆ ಪಾಡ್ದನಗಳನ್ನು ಹೆಂಗಸರು ಕೆಸರುಗದ್ದೆಯಲ್ಲಿ ನೇಜಿ ನೆಡುತ್ತಲೂ ಹಾಡಿದ್ದಾರೆ. ಮಿಷನರಿ ಮ್ಯಾನರ್ 1886ರಲ್ಲೇ ಅವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ. ಬಾಣದ ಸಾವಿನ ಪಕ್ಕದಲ್ಲೇ ಕಲ್ಲಿನ ಸಾವನ್ನಿಟ್ಟದ್ದು ಅಪ್ಪಟ ಕವಿಯ ಆಯ್ಕೆ. ತುಳುವಿನದು ಲೆಕ್ಕಕ್ಕಿಲ್ಲ, ಕನ್ನಡದ್ದೇ ಬೇಕು ಎಂದರೆ, ಮಗು ತೀರಿಕೊಂಡಾಗ ಬೇಂದ್ರೆ ಬರೆದ ಕವಿತೆಯಿದೆ. ಅಲ್ಲಿಯೂ ಸಾವು ತತ್ತ್ವವಾಗಿ ಬರುವುದಿಲ್ಲ. ಗಂಡನಿಗೆ ಎದುರಿಸಲಾಗದ ಹೆಂಡತಿಯ ನೋಟವಾಗಿ ಬರುತ್ತದೆ.