ತಾತನ ಕೈಯಿಂದ ಗಾಡಿ ಕೀ ಇಸ್ಕೊಂಡ್ರೆ ಸಾಲದು, ಬಸ್ಸೂ ಬರಬೇಕು

ಅಕ್ಕೂರು: “ಕಣ್ಣು ಸರಿಯಾಗಿ ಕಾಣ್ಸಲ್ಲ, ಇನ್ನು ಗಾಡಿ ಮುಟ್ಬೇಡಪ್ಪ” ಎಂದು ಮಗ. “ಹಂಗಾದ್ರೆ ಡೇರಿಗೆ ಹಾಲು ನೀನ್ ಹಾಕ್ತೀಯಾ?” ಎಂದು ಅಪ್ಪ. ಚನ್ನಪಟ್ಟಣ ತಾಲ್ಲೂಕಿನ ಹಳ್ಳಿಗಳಲ್ಲಿ ಈ ಜಗಳ ಯಾವ ಮನೆಗೂ ಹೊಸದಲ್ಲ. ತಮಾಷೆಯೆಂದರೆ, ಇಬ್ಬರು ಹೇಳೋದೂ ಸರಿ.

1980ರಲ್ಲಿ ಟಿ.ವಿ.ಎಸ್. 50 ಮೊಪೆಡ್ ಮಾರುಕಟ್ಟೆಗೆ ಬಂತು. ಆಗ 25ರ ಪ್ರಾಯದಲ್ಲಿದ್ದವರಿಗೆ ಈಗ 70 ತುಂಬಿದೆ. ಅವರ ಅಪ್ಪಂದಿರು ಎತ್ತಿನ ಗಾಡಿ, ಸೈಕಲ್ಲು, ಬಸ್ಸಿನಲ್ಲೇ ಕಾಲ ಕಳೆದವರು. ಮೋಟಾರು ಗಾಡಿ ಓಡಿಸುತ್ತಲೇ ಮುದುಕರಾಗುತ್ತಿರುವ ಮೊದಲ ತಲೆಮಾರು ಇದೇ. ಗಾಡಿ ಹೇಗೆ ಬಿಡಬೇಕು ಎಂದು ತೋರಿಸಿಕೊಟ್ಟ ಹಿರಿಯರು ಇವರಿಗೆ ಯಾರೂ ಇಲ್ಲ.

ಬಿಡೋದೂ ಸುಲಭವಲ್ಲ. ಹಾಲಿನ ಕ್ಯಾನು, ಗೊಬ್ಬರದ ಮೂಟೆ, ರಾಮನಗರದ ಮಾರುಕಟ್ಟೆಗೆ ಹೋಗಬೇಕಾದ ರೇಷ್ಮೆಗೂಡು, ಬ್ಯಾಂಕಿನ ಪಿಂಚಣಿ, ಆಸ್ಪತ್ರೆಯ ಚೀಟಿ ಎಲ್ಲವೂ ಆ ಗಾಡಿಯ ಮೇಲೇ ನಿಂತಿವೆ.

ಕಾನೂನು ಏನು ಹೇಳುತ್ತೆ?

ಇಷ್ಟು ವಯಸ್ಸಾದ ಮೇಲೆ ಸ್ವಂತ ಗಾಡಿ ಓಡಿಸಕೂಡದು ಎಂಬ ಕಾಯಿದೆ ನಮ್ಮ ದೇಶದಲ್ಲಿ ಇಲ್ಲ. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ, 55 ದಾಟಿದವರ ಲೈಸೆನ್ಸು ಒಂದು ಸಲಕ್ಕೆ 5 ವರ್ಷಕ್ಕೆ ಮಾತ್ರ ನವೀಕರಣವಾಗುತ್ತದೆ. 40 ದಾಟಿದವರು ಫಾರಂ 1-ಎ ಎಂಬ ವೈದ್ಯರ ಸರ್ಟಿಫಿಕೇಟು ಕೊಡಬೇಕು. ಅವಧಿ ಮುಗಿದು ವರ್ಷ ಕಳೆದರೆ ಮತ್ತೆ ಪರೀಕ್ಷೆಗೆ ಹೋಗಬೇಕು.

ಕಾಯಿದೆಯ 16ನೇ ಕಲಂ ಇನ್ನೂ ಖಡಕ್ಕು. ಕಾಯಿಲೆಯಿಂದ ಗಾಡಿ ಓಡಿಸಲು ಆಗದ ಸ್ಥಿತಿ ಇದೆ ಎಂದು ನಂಬಲು ಕಾರಣವಿದ್ದರೆ, ಅಧಿಕಾರಿಗಳು ಯಾವಾಗ ಬೇಕಾದರೂ ಸರ್ಟಿಫಿಕೇಟು ಕೇಳಬಹುದು, ಲೈಸೆನ್ಸು ರದ್ದು ಮಾಡಬಹುದು.

ಆದರೆ ಸರ್ಟಿಫಿಕೇಟು ಬರೀ ಸಹಿ, ಸೀಲಿನ ಶಾಸ್ತ್ರವಾದರೆ ನಷ್ಟ ಯಾರಿಗೆ? ಲೈಸೆನ್ಸಿಲ್ಲದೆ ಅಪಘಾತವಾದಾಗ ವಿಮಾ ಕಂಪನಿಯಿಂದ ಗಾಯಾಳುವಿಗೆ ಪರಿಹಾರ ಕೊಡಿಸಿ, ಆಮೇಲೆ ಆ ದುಡ್ಡನ್ನು ಗಾಡಿ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಎಂದು ಕೋರ್ಟುಗಳು ಹೇಳಿದ್ದುಂಟು. ಗಾಡಿ ಮಗನ ಹೆಸರಲ್ಲಿದ್ದರೆ ಮಗನ ಜೇಬೇ ಖಾಲಿ.

ಮನೆಯಲ್ಲೇ ಪರೀಕ್ಷೆ

ಸರ್ಕಾರದ ಫಾರಂನಲ್ಲೇ ಒಂದು ಪ್ರಶ್ನೆ ಇದೆ: ಒಳ್ಳೇ ಹಗಲು ಬೆಳಕಲ್ಲಿ, ಕನ್ನಡಕ ಇದ್ದರೆ ಹಾಕಿಕೊಂಡು, 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟು ಓದಲು ಆಗುತ್ತದೆಯೇ? ಇದಕ್ಕೆ ಆರ್.ಟಿ.ಓ. ಕಚೇರಿಗೆ ಹೋಗಬೇಕಿಲ್ಲ. ಅಂಗಡಿ ಮುಂದೆ ನಿಂತು ಮೂವತ್ತೈದು ಹೆಜ್ಜೆ ಅಳೆದರೆ ಸಾಕು.

ಓದಲಾಗದಿದ್ದರೆ ಗಾಡಿ ಬಿಡಲೇಬೇಕು ಅಂತಲೂ ಅಲ್ಲ. ಪೊರೆ ಬಂದಿದ್ದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಆಪರೇಷನ್ ಉಂಟು. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದಲೂ ನಡೆದುಬಂದಿದೆ. ಸಕ್ಕರೆ ಕಾಯಿಲೆಯವರು ಊಟ ಬಿಟ್ಟು ಮಾತ್ರೆ ನುಂಗಿ ಹೊರಟರೆ ದಾರಿಯಲ್ಲೇ ತಲೆ ಸುತ್ತಬಹುದು. ನಿದ್ದೆ ಬರಿಸೋ ಮಾತ್ರೆ, ಕೆಲವು ನೆಗಡಿ ಮಾತ್ರೆಗಳೂ ಮಂಪರು ತರಿಸುತ್ತವೆ. ಡಾಕ್ಟರ ಹತ್ತಿರ “ಇದು ತಗೊಂಡು ಗಾಡಿ ಓಡಿಸಬಹುದಾ?” ಎಂದು ಕೇಳುವವರು ಎಷ್ಟು ಜನ?

ರಸ್ತೆಯೂ ಹಳೇದಲ್ಲ. ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರಿಗೆ ಪ್ರವೇಶವಿಲ್ಲ. ಮುದುಕರ ಮೊಪೆಡ್ಡಿಗೆ ಉಳಿದಿರೋದು ಹಳೇ ರಸ್ತೆ, ಸರ್ವೀಸ್ ರಸ್ತೆ. ಅಲ್ಲಿ ರಾಂಗ್ ಸೈಡಲ್ಲಿ ನುಗ್ಗೋ ಹುಡುಗರನ್ನು ಕಂಡು ತಕ್ಷಣ ಬ್ರೇಕ್ ಹಾಕಲು 70ರ ಕೈಗೆ ಒಂದು ಗಳಿಗೆ ಹೆಚ್ಚು ಬೇಕು. ತಪ್ಪು ಹುಡುಗನದೇ ಇರಬಹುದು, ಸೊಂಟ ಮುರಿಯೋದು ತಾತನದು.

ಜಪಾನಿನ ದಾರಿ

ಮುದುಕರೇ ಹೆಚ್ಚಿರುವ ಜಪಾನಿನಲ್ಲಿ ತಾವಾಗಿಯೇ ಲೈಸೆನ್ಸು ವಾಪಸು ಕೊಡುವ ಏರ್ಪಾಡು 1998ರಿಂದ ಇದೆ. 2019ರ ಏಪ್ರಿಲಿನಲ್ಲಿ ಟೋಕಿಯೋದ ಇಕೆಬುಕುರೋದಲ್ಲಿ 87ರ ವೃದ್ಧರೊಬ್ಬರ ಕಾರು ನುಗ್ಗಿ ತಾಯಿ-ಮಗು ಸತ್ತರು. ದೇಶವೇ ಬೆಚ್ಚಿಬಿತ್ತು. ಆ ಒಂದೇ ವರ್ಷದಲ್ಲಿ ಸುಮಾರು 6 ಲಕ್ಷ ಜನ ಲೈಸೆನ್ಸು ಹಿಂದಿರುಗಿಸಿದರು. ಹಾಗೆ ಕೊಟ್ಟವರಿಗೆ ಎಷ್ಟೋ ಊರುಗಳಲ್ಲಿ ಬಸ್ಸು, ಟ್ಯಾಕ್ಸಿ, ಅಂಗಡಿಗಳಲ್ಲಿ ರಿಯಾಯಿತಿ ಸಿಗುತ್ತದೆ. ಕೀ ಕೇಳುವ ಕೈ ಇನ್ನೊಂದು ಅನುಕೂಲವನ್ನೂ ಕೊಡಬೇಕು ಅನ್ನೋದು ಅಲ್ಲಿಯ ಲೆಕ್ಕ.

ಇಲ್ಲಿಯ ಲೆಕ್ಕ ಏನು? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸು ಫ್ರೀ. 60 ದಾಟಿದ ಗಂಡಸರಿಗೆ ಕೆ.ಎಸ್.ಆರ್.ಟಿ.ಸಿ.ಯಲ್ಲಿ ಶೇಕಡ 25 ರಿಯಾಯಿತಿ. ಅಜ್ಜಿ ಪುಕ್ಕಟೆ ಹೋಗಿ ಬರ್ತಾಳೆ, ತಾತ ಮುಕ್ಕಾಲು ಚಾರ್ಜು ಕೊಡಬೇಕು. ಅದನ್ನಾದರೂ ಕೊಟ್ಟಾನು. ಆದರೆ ಹಾಲು ಹಾಕೋ ಹೊತ್ತಿಗೆ, ಆಸ್ಪತ್ರೆ ಬಾಗಿಲು ತೆಗೆಯೋ ಹೊತ್ತಿಗೆ ಬಸ್ಸೇ ಇಲ್ಲದಿದ್ದರೆ ಯಾವ ರಿಯಾಯಿತಿ ಕಟ್ಟಿಕೊಂಡು ಏನು ಪ್ರಯೋಜನ?

ಯಾರು ಏನು ಮಾಡಬಹುದು?

ಗಾಡಿ ಬಿಡೋದು ಒಂದೇ ದಿನದ ಕೆಲಸವಲ್ಲ. ಮೊದಲು ರಾತ್ರಿ ಓಡಾಟ ಬಿಡಲಿ. ಎದುರು ಗಾಡಿಯ ಲೈಟು ಕಣ್ಣಿಗೆ ಹೊಡೆಯೋದು ವಯಸ್ಸಾದವರಿಗೇ ಜಾಸ್ತಿ. ಆಮೇಲೆ ಪೇಟೆ, ಹೆದ್ದಾರಿ ಬಿಡಲಿ. ಊರೊಳಗೆ, ಹೊಲದ ದಾರಿಯಲ್ಲಿ ಹೆಲ್ಮೆಟ್ ಹಾಕಿಕೊಂಡು ಕೆಲವು ದಿನ ಓಡಿಸಲಿ. ಕಡೆಗೆ ಹಿಂದಿನ ಸೀಟು. ಹೀಗೆ ಇಳಿದರೆ ಮರ್ಯಾದೆಯೂ ಉಳಿಯುತ್ತೆ, ಪ್ರಾಣವೂ ಉಳಿಯುತ್ತೆ. ನಾಲ್ಕು ಜನರ ಮುಂದೆ ಕೀ ಕಿತ್ತುಕೊಂಡರೆ, ಅವರು ಡೂಪ್ಲಿಕೇಟ್ ಕೀ ಮಾಡಿಸ್ತಾರೆ ಅಷ್ಟೆ.

ಅಂಗಡಿಯವರು ಹಳೇ ಗಿರಾಕಿಯ ಸಾಮಾನನ್ನು ಊರಿನ ಆಟೋದಲ್ಲಿ ಕಳಿಸಿಕೊಡಬಹುದು; ಗಿರಾಕಿಯೂ ಉಳಿಯುತ್ತಾನೆ. ಅಕ್ಕಪಕ್ಕದ ಮನೆಯ ಹುಡುಗ ತನ್ನ ಹಾಲಿನ ಜೊತೆ ಇನ್ನೊಂದು ಕ್ಯಾನು ಒಯ್ದರೆ ಸವೆಯೋದೇನಿಲ್ಲ. ಬಸ್ಸಿನಲ್ಲಿ ದಿನಾ ಓಡಾಡುವವರು ಹಿರಿಯರಿಗೆ ಸೀಟು ಬಿಡಬೇಕು. ಮೆಟ್ಟಿಲು ಹತ್ತೋ ತನಕ ಕಂಡಕ್ಟರು ಸೀಟಿ ಊದದೆ ತಡೆಯಬೇಕು. ಗ್ರಾಮ ಪಂಚಾಯ್ತಿಯವರು ಹಾಲು, ಆಸ್ಪತ್ರೆ, ಬ್ಯಾಂಕಿನ ಹೊತ್ತುಗಳನ್ನು ಪಟ್ಟಿ ಮಾಡಿ, ಆ ಹೊತ್ತಿಗೆ ಬಸ್ಸು ಕೊಡಿ ಎಂದು ಚನ್ನಪಟ್ಟಣ ಡಿಪೋಗೆ ಅರ್ಜಿ ಹಾಕಬೇಕು. ಶಾಸಕರ ಮನೆ ಬಾಗಿಲಿಗೂ ಆ ಪಟ್ಟಿ ಹೋಗಲಿ.

ಇವತ್ತು ಅಪ್ಪನ ಕೈಯಿಂದ ಕೀ ಕೇಳುತ್ತಿರುವ ಮಗನಿಗೂ 45 ದಾಟಿರುತ್ತೆ. ಇನ್ನು 25 ವರ್ಷಕ್ಕೆ ಅವನ ಸರದಿ. ಈಗ ಕೇಳಿ ಪಡೆದ ಬಸ್ಸಿನಲ್ಲಿ ಮುಂದೆ ಕೂರುವವನು ಅವನೇ.