ಕ್ಲೋರಿನ್ ಅಪವಾದವಲ್ಲ
ಎಲೆಕ್ಟ್ರಾನು ಸೆಳೆಯುವ ಗುಂಪು ಹೊಸ ಗುಂಪನ್ನು ಮೆಟಾ ಸ್ಥಾನಕ್ಕೆ ಕಳಿಸುತ್ತದೆ ಎಂಬ ನಿಯಮಕ್ಕೆ ಕ್ಲೋರೋಬೆಂಜೀನ್ ಹೊರತು, ಕಾರಣ ಹುಡುಕದೆ ಬಾಯಿಪಾಠ ಮಾಡಿಕೊಳ್ಳಿ ಎಂದು ಕಳೆದ ಸಂಚಿಕೆಯ ಲೇಖನ ಪಿಯುಸಿ ಮಕ್ಕಳಿಗೆ ಹೇಳಿದೆ. ಇದನ್ನು ಒಪ್ಪಲಾಗದು. ಕ್ಲೋರಿನ್ ಉಂಗುರದ ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆಯುತ್ತದೆ. ಹಾಗಾಗಿಯೇ ಕ್ಲೋರೋಬೆಂಜೀನಿನ ನೈಟ್ರೇಷನ್ ಬೆಂಜೀನಿನದಕ್ಕಿಂತ ಸುಮಾರು 30 ಪಟ್ಟು ನಿಧಾನ. ಆದರೆ ನೈಟ್ರೋನಿಯಂ ಅಯಾನು ಆರ್ಥೋ ಅಥವಾ ಪ್ಯಾರಾ ಸ್ಥಾನಕ್ಕೆ ಬಂದು ಕೂತಾಗ, ಉಂಗುರದಲ್ಲಿ ಹುಟ್ಟುವ ಧನಾವೇಶ ಕ್ಲೋರಿನ್ ಹೊತ್ತ ಇಂಗಾಲಕ್ಕೂ ತಲುಪುತ್ತದೆ. ಆಗ ಅದೇ ಕ್ಲೋರಿನ್ ತನ್ನ ಒಂಟಿ ಜೋಡಿ ಎಲೆಕ್ಟ್ರಾನುಗಳನ್ನು ಕೊಟ್ಟು ಆಸರೆಯಾಗುತ್ತದೆ. ಮೆಟಾ ಸ್ಥಾನಕ್ಕೆ ಈ ಆಸರೆ ಇಲ್ಲವೇ ಇಲ್ಲ. ಉತ್ಪನ್ನದಲ್ಲಿ ಅದರ ಪಾಲು ಶೇ. 1ರ ಆಸುಪಾಸು. ಇಷ್ಟು ಸ್ಪಷ್ಟವಾದ ಕಾರಣವನ್ನು ಮುಚ್ಚಿಟ್ಟು ‘ಅಪವಾದ’ ಎನ್ನುವುದು ತಪ್ಪು ಪಾಠ. ಕಪ್ಪುಹಲಗೆಯ ಮೇಲೆ ಅನುರಣನ ರಚನೆಗಳನ್ನು ಬರೆದು ತೋರಿಸಲು ಐದು ನಿಮಿಷ ಸಾಕು. ಸಿಇಟಿಯ ಅವಸರದಲ್ಲಿ ಮಕ್ಕಳಿಂದ ಅದನ್ನೂ ಕಿತ್ತುಕೊಳ್ಳಬೇಡಿ.